ವರ್ತನೆ ಹಾಲಿಗಿರುವ ಲೆಕ್ಕ ಆ್ಯಪ್‌ಗೇಕಿಲ್ಲ?

ಹಳೇ ಮೈಸೂರು ಭಾಗದಲ್ಲಿ ದಿನವೂ ಮನೆಗೆ ಬರುವ ಹಾಲಿಗೆ ‘ವರ್ತನೆ ಹಾಲು’ ಎನ್ನುವ ರೂಢಿ ಇದೆ. ದುಡ್ಡು ತಿಂಗಳ ಕೊನೆಗೆ. ಊರಿಗೆ ಹೊರಟವರು ‘ನಾಲ್ಕು ದಿನ ಹಾಲು ಬೇಡಪ್ಪಾ’ ಎಂದರೆ ಸಾಕು, ಗೋಡೆಯ ಕ್ಯಾಲೆಂಡರಿನಲ್ಲಿ ಆ ನಾಲ್ಕು ದಿನಗಳ ಮೇಲೆ ಸೊನ್ನೆ ಬೀಳುತ್ತದೆ. ಲೆಕ್ಕ ತೀರಿಸುವಾಗ ಅಷ್ಟು ಹಣ ಕಳೆಯುತ್ತದೆ. ನಮ್ಮ ತಲೆಮಾರಿನ ವರ್ತನೆಗಳು ಬೇರೆ: ಸಿನಿಮಾಕ್ಕೊಂದು, ಹಾಡಿಗೊಂದು, ಕ್ರಿಕೆಟ್ಟಿಗೊಂದು, ಫೋಟೊ ಇಟ್ಟುಕೊಳ್ಳಲು ಇನ್ನೊಂದು. ಇವಕ್ಕೆ ನಾವು ಸಬ್‌ಸ್ಕ್ರಿಪ್ಷನ್ ಎನ್ನುತ್ತೇವೆ. ಸೆಮಿಸ್ಟರ್ ಪರೀಕ್ಷೆ ಎಂದು ಇಡೀ ತಿಂಗಳು ಒಂದೇ ಒಂದು ಸಿನಿಮಾ ನೋಡದಿದ್ದರೂ ಇಲ್ಲಿ ಯಾರೂ ಸೊನ್ನೆ ಹಾಕುವುದಿಲ್ಲ.

ಇವುಗಳಲ್ಲಿ ಯಾವುದು ಕೊಟ್ಟ ಹಣಕ್ಕೆ ತಕ್ಕದ್ದು, ಯಾವುದು ಅಲ್ಲ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಈಗಲೇ ಕೇಳಿಕೊಳ್ಳಬೇಕು. ಅದಕ್ಕೆ ಕಾರಣ ಕಳೆದ ವರ್ಷ ನಮ್ಮ ಮುಂದೆ ಸಾಲುಗಟ್ಟಿ ಬಂದ ಉಚಿತ ಕೊಡುಗೆಗಳು.

ಪುಕ್ಕಟೆ ವರ್ಷ ಮುಗಿಯುವ ಹೊತ್ತು

2025ರ ಜುಲೈನಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಸೇವೆಯನ್ನು ಒಂದು ವರ್ಷ ಉಚಿತವಾಗಿ ಕೊಟ್ಟಿತು. ಅದೇ ತಿಂಗಳು ಗೂಗಲ್ ತನ್ನ ಜೆಮಿನಿಯ ಪ್ರೊ ಪ್ಲಾನನ್ನು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ವರ್ಷ ಉಚಿತವೆಂದಿತು. ಅಕ್ಟೋಬರ್ ಕೊನೆಯಲ್ಲಿ ಜಿಯೊ ಬಂತು. ₹35,100 ಮೌಲ್ಯದ ಜೆಮಿನಿ ಪ್ಲಾನ್ 18 ತಿಂಗಳು ಉಚಿತ, ಅದೂ ಮೊದಲಿಗೆ 18ರಿಂದ 25 ವರ್ಷದವರಿಗೆ. ಓಪನ್‌ಎಐ ಆಗಸ್ಟ್‌ನಲ್ಲಿ ತಿಂಗಳಿಗೆ ₹399ರಂತೆ ಆರಂಭಿಸಿದ ‘ಚಾಟ್‌ಜಿಪಿಟಿ ಗೋ’ವನ್ನು ನವೆಂಬರ್ 4ರಿಂದ ಒಂದು ವರ್ಷ ಉಚಿತ ಮಾಡಿತು. ‘ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎನ್ನುವಂತೆ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲವನ್ನೂ ಪಡೆದುಕೊಂಡವರಿದ್ದಾರೆ.

ಒಂದು ವರ್ಷ ಎಂದರೆ ಅದಕ್ಕೊಂದು ಕೊನೆಯ ದಿನ ಇದ್ದೇ ಇರುತ್ತದೆ. 2026ರ ಜುಲೈನಿಂದ ಆರಂಭಿಸಿ 2027ರವರೆಗೂ ಈ ಉಚಿತ ಅವಧಿಗಳು ಒಂದೊಂದಾಗಿ ತೀರುತ್ತ ಬರುತ್ತವೆ. ಇಂತಹ ಕೊಡುಗೆಗಳಲ್ಲಿ ಕೆಲವು ಸೇರುವಾಗಲೇ ಕಾರ್ಡ್ ಅಥವಾ ಯುಪಿಐ ಒಪ್ಪಿಗೆ ಕೇಳುತ್ತವೆ. ಆ ಒಪ್ಪಿಗೆಗೆ ಆ ದಿನ ಬೆಲೆ ಇಲ್ಲ. ಬೆಲೆ ಬರುವುದು 13ನೇ ತಿಂಗಳಿನಲ್ಲಿ.

ಮೊದಲು ಉಚಿತ, ಆಮೇಲೆ ದರ ಎನ್ನುವುದು ನಮಗೆ ಹೊಸದೇನಲ್ಲ. ಐಪಿಎಲ್‌ನ 2023–27ರ ಡಿಜಿಟಲ್ ಹಕ್ಕಿಗೆ ವಯಾಕಾಂ18 ಸಂಸ್ಥೆ ₹23,758 ಕೋಟಿ ಕೊಟ್ಟಿತ್ತು. ಅಷ್ಟು ಹಣ ಸುರಿದೂ 2023ರಲ್ಲಿ ಜಿಯೊಸಿನಿಮಾದಲ್ಲಿ ಪಂದ್ಯಗಳನ್ನು ಪುಕ್ಕಟೆ ತೋರಿಸಿದರು. ಆರ್‌ಸಿಬಿ ಮೊದಲ ಬಾರಿಗೆ ಕಪ್ ಗೆದ್ದ 2025ರ ಹೊತ್ತಿಗೆ ಅದು ಜಿಯೊಹಾಟ್‌ಸ್ಟಾರ್ ಆಗಿತ್ತು. ಕೆಲವು ನಿಮಿಷಗಳಾಚೆ ನೋಡಲು ಪ್ಲಾನ್ ಬೇಕಾಗಿತ್ತು. ಇದರಲ್ಲಿ ಮೋಸವೇನೂ ಇಲ್ಲ, ವ್ಯಾಪಾರ ಇರುವುದೇ ಹಾಗೆ. ಉಚಿತ ವರ್ಷದಲ್ಲಿ ಅಭ್ಯಾಸ ಬೆಳೆಯುತ್ತದೆ, ಮುಂದಿನ ವರ್ಷಗಳಲ್ಲಿ ಆ ಅಭ್ಯಾಸಕ್ಕೆ ದರ ಕಟ್ಟಲಾಗುತ್ತದೆ.

ಹನಿಹನಿಗೂಡಿದರೆ ಹಳ್ಳ

ಒಬ್ಬ ವಿದ್ಯಾರ್ಥಿಯ ವರ್ಷದ ಲೆಕ್ಕ ಹಾಕೋಣ. ಮೊಬೈಲ್‌ಗೆ ₹349ರ 28 ದಿನಗಳ ಪ್ಯಾಕ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 12 ತಿಂಗಳಾದರೂ 28 ದಿನಗಳ ಲೆಕ್ಕದಲ್ಲಿ 13 ರೀಚಾರ್ಜ್ ಆಗುತ್ತದೆ: ₹4,537. (ಈ 13ನೇ ತಿಂಗಳ ಬಗ್ಗೆ ದೂರುಗಳು ಬಂದ ಮೇಲೆಯೇ 2022ರ ಜನವರಿಯಲ್ಲಿ ಟ್ರಾಯ್, 30 ದಿನಗಳ ಒಂದು ಪ್ಲಾನ್ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಣವಾಗುವ ಒಂದು ಪ್ಲಾನ್ ಕಡ್ಡಾಯವಾಗಿ ಇರಬೇಕೆಂದು ಕಂಪನಿಗಳಿಗೆ ಆದೇಶಿಸಿತು.) ಯೂಟ್ಯೂಬ್ ಪ್ರೀಮಿಯಂನ ವಿದ್ಯಾರ್ಥಿ ದರ 2024ರ ಆಗಸ್ಟ್‌ನಲ್ಲಿ ₹79ರಿಂದ ₹89 ಆಯಿತು: ವರ್ಷಕ್ಕೆ ₹1,068. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಮೊಬೈಲ್ ಪ್ಲಾನನ್ನು ₹199ರಿಂದ ₹149ಕ್ಕೆ ಇಳಿಸಿತು: ವರ್ಷಕ್ಕೆ ₹1,788. ಅದೇ ತಿಂಗಳು ಅಮೆಜಾನ್ ಪ್ರೈಮ್ ವಾರ್ಷಿಕ ದರ ₹999ರಿಂದ ₹1,499ಕ್ಕೆ ಏರಿತು. ಉಚಿತ ಅವಧಿ ಮುಗಿದ ಮೇಲೆ ಎಐ ಸೇವೆಯೊಂದನ್ನು ತಿಂಗಳಿಗೆ ₹399ರಂತೆ ಮುಂದುವರಿಸಿದರೆ ₹4,788.

ಒಟ್ಟು ₹13,680. ತಿಂಗಳಿಗೆ ₹1,140. ಬಿಡಿಯಾಗಿ ನೋಡಿದರೆ ಒಂದೊಂದೂ ‘ಒಂದು ಮಸಾಲೆ ದೋಸೆ, ಕಾಫಿಯ ದುಡ್ಡು’ ಅನ್ನಿಸುತ್ತದೆ. ಕೂಡಿಸಿದರೆ ಸೆಮಿಸ್ಟರಿನ ಪಠ್ಯಪುಸ್ತಕ, ಪ್ರಾಜೆಕ್ಟಿಗೆ ಬೇಕಾದ ಬಿಡಿಭಾಗಗಳ ಪಕ್ಕದಲ್ಲಿ ಇಟ್ಟು ನೋಡಬೇಕಾದ ಮೊತ್ತ. ನಮ್ಮಲ್ಲಿ ಬಹಳ ಮಂದಿಗೆ ಈ ಹಣ ಮನೆಯಿಂದ ಬರುವುದು. ಅಡಿಕೆ, ರಾಗಿ ಮಾರಿ ಬಂದದ್ದೋ, ಓವರ್‌ಟೈಮ್ ಮಾಡಿ ಬಂದದ್ದೋ ಇರಬಹುದು. ನಾವು ಬಳಸಿ ಖರ್ಚಾದರೆ ಬೇಸರವಿಲ್ಲ. ಬಳಸದೇ ಹೋಗುವುದೇ ಕಾಡುವ ವಿಷಯ.

ಮರೆವಿಗೂ ಬೆಲೆಯಿದೆ

ಬಳಸದೇ ಕೊಡುವ ಹಣ ಎಷ್ಟಿರಬಹುದು ಎಂಬುದನ್ನು ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ಮೂರು ಜಿಮ್‌ಗಳ 7,752 ಸದಸ್ಯರ ದಾಖಲೆ ಪರಿಶೀಲಿಸಿ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟುತ್ತಿದ್ದ ಸದಸ್ಯರು ಜಿಮ್‌ಗೆ ಹೋಗುತ್ತಿದ್ದದ್ದು ಸರಾಸರಿ 4.3 ಸಲ. ಅಂದರೆ ಒಂದು ಭೇಟಿಗೆ 17 ಡಾಲರ್‌ಗಿಂತ ಹೆಚ್ಚು. ಅದೇ ಜಿಮ್‌ನಲ್ಲಿ ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ಒಂದು ಭೇಟಿಗೆ 10 ಡಾಲರ್ ಸಾಕಿತ್ತು. ಇನ್ನೊಂದು ಸಂಗತಿ: ಕೊನೆಯ ಸಲ ಜಿಮ್‌ಗೆ ಹೋದ ದಿನಕ್ಕೂ ಸದಸ್ಯತ್ವ ರದ್ದು ಮಾಡಿದ ದಿನಕ್ಕೂ ನಡುವೆ ಸರಾಸರಿ ಎರಡು ತಿಂಗಳಿಗೂ ಹೆಚ್ಚು ಅಂತರವಿತ್ತು.

ಜಿಮ್‌ನಲ್ಲಿ ಬೆವರು ಸುರಿಸಬೇಕು, ಅದಕ್ಕೇ ಜನ ಹಿಂಜರಿದರು ಎನ್ನಬಹುದು. ಮೊಬೈಲ್ ಆ್ಯಪ್‌ಗೆ ಆ ನೆಪವೂ ಇಲ್ಲ. ಲಿರಾನ್ ಐನಾವ್ ಮತ್ತು ಅವರ ಇಬ್ಬರು ಸಹ ಸಂಶೋಧಕರು ಹತ್ತು ಜನಪ್ರಿಯ ಸೇವೆಗಳ ಚಂದಾದಾರರ ಕಾರ್ಡ್ ವಹಿವಾಟನ್ನು ಅಧ್ಯಯನ ಮಾಡಿದರು. ಅವರ ಉಪಾಯ ಸರಳ. ಬ್ಯಾಂಕ್ ಹಳೆಯ ಕಾರ್ಡಿನ ಬದಲು ಹೊಸದನ್ನು ಕೊಟ್ಟಾಗ ಹಳೆಯ ಪಾವತಿ ನಿಲ್ಲುತ್ತದೆ, ಚಂದಾದಾರ ಹೊಸ ಕಾರ್ಡಿನ ವಿವರ ತುಂಬಲೇಬೇಕು. ಅಂದರೆ ಆ ತಿಂಗಳು ಆತ ‘ಇದು ನನಗೆ ಬೇಕೆ’ ಎಂದು ಯೋಚಿಸಲೇಬೇಕು. ಹಾಗೆ ಯೋಚಿಸಬೇಕಾಗಿ ಬಂದ ತಿಂಗಳಲ್ಲಿ ಸೇವೆ ಬಿಡುವವರ ಪ್ರಮಾಣ ಒಮ್ಮೆಲೇ ಏರಿತು. ಚಂದಾದಾರರ ಈ ಉದಾಸೀನದಿಂದ ಕಂಪನಿಗಳ ವರಮಾನ, ಸೇವೆಯನ್ನು ಅವಲಂಬಿಸಿ, ಶೇ 14ರಿಂದ ಶೇ 200ಕ್ಕಿಂತಲೂ ಹೆಚ್ಚಾಗುತ್ತದೆ ಎಂಬುದು ಅವರ ಅಂದಾಜು.

ಮರೆವು ಸಾಲದಿದ್ದರೆ ಬಿಡುವ ದಾರಿಯನ್ನೇ ಸುತ್ತುಬಳಸು ಮಾಡುವುದೂ ಉಂಟು. ಪ್ರೈಮ್ ಸದಸ್ಯತ್ವ ರದ್ದತಿಯನ್ನು ಬೇಕೆಂದೇ ಕಠಿಣ ಮಾಡಲಾಗಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಅಮೆಜಾನ್ ಮೇಲೆ ಮೊಕದ್ದಮೆ ಹೂಡಿತು. ಆ ರದ್ದತಿ ಪ್ರಕ್ರಿಯೆಗೆ ಕಂಪನಿಯ ಒಳಗೆ ‘ಇಲಿಯಡ್’ ಎಂಬ ಹೆಸರಿತ್ತು ಎಂಬುದು ಆಯೋಗದ ದೂರಿನಲ್ಲೇ ಇದೆ. ಮುಗಿಯದ ಯುದ್ಧದ ಕಥೆ ಹೇಳುವ ಗ್ರೀಕ್ ಮಹಾಕಾವ್ಯದ ಹೆಸರು! 2025ರ ಸೆಪ್ಟೆಂಬರ್‌ನಲ್ಲಿ, ತಪ್ಪು ಒಪ್ಪಿಕೊಳ್ಳದೆಯೇ, ಅಮೆಜಾನ್ 250 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಿಸಲು.

ರೀಚಾರ್ಜ್ ಕಲಿಸಿದ್ದೇನು?

ಭಾರತದಲ್ಲಿ ಮೊಬೈಲ್ ಹಬ್ಬಿದ್ದು ಪ್ರೀಪೇಯ್ಡ್ ಮೇಲೆ. ಬೀದಿ ಮೂಲೆಯ ಅಂಗಡಿಯಲ್ಲಿ ಹತ್ತು ರೂಪಾಯಿಗೂ ಕರೆನ್ಸಿ ಹಾಕಿಸಿಕೊಂಡ ದೇಶ ಇದು. ಅದರಲ್ಲೊಂದು ದೊಡ್ಡ ಅನುಕೂಲ ಅಡಗಿತ್ತು. ಪ್ಯಾಕ್ ಮುಗಿದಾಗ ಸೇವೆ ತಾನಾಗಿ ನಿಲ್ಲುತ್ತಿತ್ತು. ಬೇಕೆನ್ನುವವರು ಹೋಗಿ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಹೀಗೆ ಪ್ರತಿ ತಿಂಗಳೂ ‘ಬೇಕೆ, ಬೇಡವೆ, ಎಷ್ಟರದ್ದು’ ಎಂದು ನಾವೇ ತೀರ್ಮಾನಿಸುತ್ತಿದ್ದೆವು. ಸಬ್‌ಸ್ಕ್ರಿಪ್ಷನ್ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಸುಮ್ಮನಿದ್ದರೆ ಸೇವೆ ಮುಂದುವರಿಯುತ್ತದೆ, ನಿಲ್ಲಿಸಬೇಕಾದರೆ ನಾವು ಎದ್ದು ಕೆಲಸ ಮಾಡಬೇಕು. 2020ರ ಜುಲೈನಲ್ಲಿ ಬಂದ ಯುಪಿಐ ಆಟೋಪೇ ಈ ವ್ಯವಸ್ಥೆಯನ್ನು ಕ್ರೆಡಿಟ್ ಕಾರ್ಡ್ ಇಲ್ಲದ ವಿದ್ಯಾರ್ಥಿಗಳ ಕೈಗೂ ತಂದಿತು. ಒಮ್ಮೆ ಪಿನ್ ಒತ್ತಿದರೆ ಮುಗಿಯಿತು.

ಈ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ನಮ್ಮ ಪರವಾಗಿ ಒಂದು ಒಳ್ಳೆಯ ಕೆಲಸ ಮಾಡಿದೆ. ಪುನರಾವರ್ತಿತ ಪಾವತಿಗಳ ಹೊಸ ನಿಯಮಗಳನ್ನು 2021ರ ಅಕ್ಟೋಬರ್ 1ರಿಂದ ಕಟ್ಟುನಿಟ್ಟು ಮಾಡಿತು. ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸಂದೇಶ ಬರಬೇಕು. ಆ ಕಡಿತವನ್ನು ತಡೆಯಲು, ಒಪ್ಪಿಗೆಯನ್ನೇ ರದ್ದು ಮಾಡಲು ಅವಕಾಶ ಇರಬೇಕು. ಈಗ ₹15,000ಕ್ಕಿಂತ ಹೆಚ್ಚಿನ ಮೊತ್ತವಾದರೆ ಸಾಮಾನ್ಯವಾಗಿ ಪ್ರತಿ ಸಲವೂ ಒಟಿಪಿಯಂತಹ ದೃಢೀಕರಣ ಬೇಕು. ನಿಯಮ ಜಾರಿಯಾದ ಹೊತ್ತಿನಲ್ಲಿ ಎಷ್ಟೋ ಜನರ ಹಳೆಯ ಪಾವತಿಗಳು ನಿಂತುಹೋದವು, ಕಿರಿಕಿರಿಯೂ ಆಯಿತು. ಆದರೆ ನನ್ನ ದೃಷ್ಟಿಯಲ್ಲಿ ಆ 24 ಗಂಟೆಯ ಸಂದೇಶವೇ ಹಳೆಯ ರೀಚಾರ್ಜ್ ಅಂಗಡಿ. ತಿಂಗಳಿಗೊಮ್ಮೆ ನಮಗೆ ಸಿಗುವ ತೀರ್ಮಾನದ ಅವಕಾಶ ಅದು. ಲೋನ್ ಕೊಡುತ್ತೇವೆ, ಲಾಟರಿ ಬಂದಿದೆ ಎನ್ನುವ ನೂರಾರು ಸಂದೇಶಗಳ ರಾಶಿಯಲ್ಲಿ ಅದನ್ನು ಓದದೆ ಬಿಟ್ಟರೆ ನಿಯಮ ಇದ್ದೂ ಇಲ್ಲದಂತೆ.

ಇನ್ನೊಂದು ನಿಯಮವೂ ಇದೆ. ಗ್ರಾಹಕರನ್ನು ದಾರಿ ತಪ್ಪಿಸುವ ವೆಬ್‌ಸೈಟ್, ಆ್ಯಪ್ ವಿನ್ಯಾಸಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂತಹ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ಅವುಗಳಲ್ಲೊಂದು. ರದ್ದು ಮಾಡುವ ಬಟನ್ ಬಚ್ಚಿಡುವುದು, ರದ್ದತಿಯನ್ನು ಉದ್ದುದ್ದ ಎಳೆಯುವುದು, ಉಚಿತ ಎನ್ನುತ್ತಲೇ ಪಾವತಿ ವಿವರ ಕೊಡಲು ಒತ್ತಾಯಿಸುವುದು ಇದರಡಿ ಬರುತ್ತವೆ. 2025ರ ಜೂನ್‌ನಲ್ಲಿ ಪ್ರಾಧಿಕಾರವು ಇ–ಕಾಮರ್ಸ್ ತಾಣಗಳಿಗೆ ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಲು ಸೂಚಿಸಿತು. ಆದರೆ ತಪಾಸಣೆಯನ್ನು ಕಂಪನಿಗಳ ಕೈಗೇ ಕೊಟ್ಟರೆ ಫಲ ಎಷ್ಟು ಸಿಕ್ಕೀತು? ಪರೀಕ್ಷೆ ಬರೆದವನೇ ಮೌಲ್ಯಮಾಪನ ಮಾಡಿದರೆ ಫೇಲಾಗುವವರು ಯಾರು?

ನಮ್ಮ ಕಡೆಯಿಂದಲೂ ಒಂದು ತಿಳಿವಳಿಕೆ ಬೇಕು. ಆ್ಯಪ್ ಅಳಿಸಿದರೆ ಸಬ್‌ಸ್ಕ್ರಿಪ್ಷನ್ ರದ್ದಾಗುತ್ತದೆ ಎಂದು ನಂಬಿದವರು ನಮ್ಮ ತರಗತಿಯಲ್ಲೇ ಇದ್ದಾರೆ. ಗೆಳೆಯನೊಬ್ಬ ವ್ಯಾಯಾಮದ ಆ್ಯಪ್ ಒಂದನ್ನು ಫೋನಿನಿಂದ ತೆಗೆದುಹಾಕಿ ಮೂರು ತಿಂಗಳಾದರೂ ಅವನ ಖಾತೆಯಿಂದ ದುಡ್ಡು ಹೋಗುತ್ತಲೇ ಇತ್ತು. ಆ್ಯಪ್ ಇರುವುದು ಫೋನಿನಲ್ಲಿ, ಒಪ್ಪಿಗೆ ಇರುವುದು ಬ್ಯಾಂಕ್ ಖಾತೆಯ ಜೊತೆ. ಯುಪಿಐ ಆ್ಯಪ್‌ನ ಆಟೋಪೇ ವಿಭಾಗ ತೆರೆದರೆ ಕೊಟ್ಟ ಒಪ್ಪಿಗೆಗಳ ಪಟ್ಟಿ ಕಾಣುತ್ತದೆ, ಅಲ್ಲಿಂದಲೇ ರದ್ದು ಮಾಡಬಹುದು.

ಯಾವುದು ಇರಲಿ, ಯಾವುದು ಬೇಡ?

ಸಬ್‌ಸ್ಕ್ರಿಪ್ಷನ್‌ಗಳೆಲ್ಲ ದಂಡ ಎಂಬ ತೀರ್ಮಾನಕ್ಕೆ ಬರುವುದೂ ಸರಿಯಲ್ಲ. ದಿನಕ್ಕೆರಡು ಗಂಟೆ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗೆ ₹89ಕ್ಕೆ ತಿಂಗಳಿಡೀ ಜಾಹೀರಾತಿಲ್ಲದೆ ಹಾಡು, ಪಾಠ ಸಿಗುವುದು ದುಬಾರಿಯಲ್ಲ. ಹಾಗಾಗಿ ದರ ನೋಡುವ ಬದಲು ಒಂದು ಬಳಕೆಗೆ ಎಷ್ಟು ಬಿತ್ತು ಎಂದು ನೋಡಬೇಕು. ₹149 ಕೊಟ್ಟು ತಿಂಗಳಲ್ಲಿ ಐದು ಸಿನಿಮಾ ನೋಡಿದರೆ ಒಂದಕ್ಕೆ ಮೂವತ್ತು ರೂಪಾಯಿ. ಒಂದೇ ನೋಡಿದರೆ ನೂರನಲವತ್ತೊಂಬತ್ತು.

ಎರಡನೆಯದು, ಎಷ್ಟು ತಿಂಗಳು ಬೇಕು ಎಂಬ ಲೆಕ್ಕ. ಪ್ರೈಮ್‌ನ ತಿಂಗಳ ದರ ₹299, ವರ್ಷದ್ದು ₹1,499. ಅಂದರೆ ಐದು ತಿಂಗಳ ದರಕ್ಕೆ ವರ್ಷ ಸಿಗುತ್ತದೆ. ಐದು ತಿಂಗಳಿಗಿಂತ ಹೆಚ್ಚು ನೋಡುವವರಿಗೆ ವಾರ್ಷಿಕ ಪ್ಲಾನ್ ಲಾಭ. ಎರಡು ಸೆಮಿಸ್ಟರ್ ರಜೆಗಳಲ್ಲಿ ಮಾತ್ರ ನೋಡುವವರಿಗೆ ಬಿಡಿ ತಿಂಗಳೇ ಲಾಭ. ವರ್ಷದ ಹಣವನ್ನು ಮುಂಗಡ ಕೊಟ್ಟರೂ ಷರತ್ತು ಬದಲಾಗಬಹುದು ಎಂಬುದೂ ನೆನಪಿರಲಿ. 2025ರ ಜೂನ್ 17ರಿಂದ ಪ್ರೈಮ್ ವಿಡಿಯೊದಲ್ಲಿ ಜಾಹೀರಾತು ಶುರುವಾಯಿತು, ಅದು ಬೇಡವೆಂದರೆ ವರ್ಷಕ್ಕೆ ಮತ್ತೆ ₹699. ಎಐ ಸೇವೆಗಳಿಗೂ ಇದೇ ಮಾತು. ಅಂತಿಮ ವರ್ಷದ ಪ್ರಾಜೆಕ್ಟ್ ನಡೆಯುವ ನಾಲ್ಕು ತಿಂಗಳು ನಿಜಕ್ಕೂ ಬೇಕಾದರೆ ಆ ನಾಲ್ಕು ತಿಂಗಳಿಗೆ ₹1,596 ಕೊಡೋಣ. ಉಳಿದ ಎಂಟು ತಿಂಗಳಿಗೆ ಏಕೆ?

ಮೂರನೆಯದು, ಬದಲಿ ಇದೆಯೇ? ಎನ್‌ಪಿಟಿಇಎಲ್‌ನಲ್ಲಿ ಐಐಟಿ ಅಧ್ಯಾಪಕರ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಐಐಟಿ ಬಾಂಬೆಯ ಫಾಸೀ ಯೋಜನೆ ಸೈಲ್ಯಾಬ್, ಇ–ಸಿಮ್‌ನಂತಹ ಮುಕ್ತ ತಂತ್ರಾಂಶಗಳನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಲಿಸುತ್ತದೆ. ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದ ಪುಸ್ತಕಗಳಿಗೆ ದುಡ್ಡು ಬೇಡ. ಮನರಂಜನೆಯಲ್ಲೂ ಬೇರೆ ದಾರಿ ಇದೆ. ರಕ್ಷಿತ್ ಶೆಟ್ಟಿ ಅವರ ಸಂಸ್ಥೆಯ ಕನ್ನಡ ವೆಬ್ ಸರಣಿ ‘ಏಕಂ’ ಅನ್ನು ಒಟಿಟಿಗಳು ತೆಗೆದುಕೊಳ್ಳದಿದ್ದಾಗ 2024ರ ಜುಲೈನಲ್ಲಿ ಅವರದೇ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಿದರು. ಒಮ್ಮೆ ಹಣ ಕೊಟ್ಟರೆ ನೋಡಬಹುದು, ಪ್ರತಿ ತಿಂಗಳು ಕಡಿತದ ಮಾತಿಲ್ಲ. ಕನ್ನಡದ ಕೃತಿಗಳಿಗೆ ಒಟಿಟಿಯಲ್ಲಿ ಜಾಗ ಸಿಗುವುದು ಕಷ್ಟವಾಗಿರುವಾಗ, ನಾವು ತಿಂಗಳು ತಿಂಗಳು ಕೊಡುವ ಹಣ ಎತ್ತ ಹೋಗುತ್ತಿದೆ ಎಂದೂ ಕೇಳಿಕೊಳ್ಳಬೇಕು.

ಒಟ್ಟಾಗಿ ಕೊಂಡರೆ ಚಂದಾ ಎಷ್ಟು ಅಗ್ಗವಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆಯಡಿ ಮೂರು ವರ್ಷಕ್ಕೆ ₹6,000 ಕೋಟಿಯಲ್ಲಿ ಸುಮಾರು 13,000 ಸಂಶೋಧನಾ ನಿಯತಕಾಲಿಕಗಳು ಸರ್ಕಾರಿ ಉನ್ನತ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಸುಮಾರು 1.8 ಕೋಟಿ ಜನರಿಗೆ ಸಿಗುತ್ತವೆ. ಭಾಗಿಸಿದರೆ ತಲೆಗೆ ವರ್ಷಕ್ಕೆ ₹1,111. ಹಾಡು ಕೇಳುವ ಒಂದು ಆ್ಯಪ್‌ನ ವಿದ್ಯಾರ್ಥಿ ದರಕ್ಕೆ ಹೆಚ್ಚುಕಡಿಮೆ ಸಮ. ಮೊದಲ ಹಂತದಲ್ಲಿ ನಮ್ಮಂಥ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಇದರ ಹೊರಗೆ ಉಳಿದಿರುವುದು ಬೇಸರದ ಸಂಗತಿ. ಆದರೂ ವಿಟಿಯು ಒಕ್ಕೂಟದ ಮೂಲಕ ಕಾಲೇಜು ಗ್ರಂಥಾಲಯಕ್ಕೆ ಬರುವ ಇ–ಪುಸ್ತಕ, ನಿಯತಕಾಲಿಕಗಳು ನಮಗಿವೆ. ಅದನ್ನು ತೆರೆದು ನೋಡದಿದ್ದರೆ ಅದೂ ಬಳಸದ ಚಂದಾ ಆಗುತ್ತದೆ.

ಮರೆವಿನ ಶಕ್ತಿ ನಮ್ಮ ಪರವಾಗಿ ದುಡಿಯುವ ಜಾಗವೂ ಇದೆ. ಮ್ಯೂಚುವಲ್ ಫಂಡ್, ವಿಮಾ ಕಂತು, ಕ್ರೆಡಿಟ್ ಕಾರ್ಡ್ ಬಿಲ್ಲಿನ ಸ್ವಯಂ ಪಾವತಿಗೆ ಆರ್‌ಬಿಐ 2023ರ ಡಿಸೆಂಬರ್‌ನಲ್ಲಿ ಮಿತಿಯನ್ನು ₹1 ಲಕ್ಷಕ್ಕೆ ಏರಿಸಿತು. ತಿಂಗಳಿಗೆ ಐನೂರು ರೂಪಾಯಿ ಉಳಿತಾಯಕ್ಕೆ ಹೋಗುವಂತೆ ಮಾಡಿ ಮರೆತುಬಿಟ್ಟರೆ, ಮರೆತಷ್ಟೂ ಒಳ್ಳೆಯದು. ಖರ್ಚಿನ ಪಾವತಿಯನ್ನು ಮಾತ್ರ ಮರೆಯುವಂತಿಲ್ಲ.

ಸರ್ಕಾರ ಮಾಡಬೇಕಾದ್ದೂ ಇದೆ. ಸೇರಲು ಎಷ್ಟು ಒತ್ತುಗಳು ಬೇಕೋ ಬಿಡಲೂ ಅಷ್ಟೇ ಸಾಕು ಎಂಬ ನಿಯಮ ಬರಬೇಕು. ಉಚಿತ ಅವಧಿಯಿಂದ ಪಾವತಿಗೆ ದಾಟುವಾಗ ಹೊಸದಾಗಿ ಪಿನ್ ಕೇಳಬೇಕು. ಹಾಲಿನವರು ಒಪ್ಪುವ ‘ನಾಲ್ಕು ದಿನ ಬೇಡ’ವನ್ನು ಆ್ಯಪ್‌ಗಳೂ ಒಪ್ಪಬೇಕು. ಅಮೆರಿಕದಲ್ಲಿ 2024ರಲ್ಲಿ ಬಂದ ಇಂತಹ ಸುಲಭ ರದ್ದತಿಯ ನಿಯಮವನ್ನು 2025ರ ಜುಲೈನಲ್ಲಿ ಅಲ್ಲಿನ ನ್ಯಾಯಾಲಯ ಪ್ರಕ್ರಿಯೆಯ ಲೋಪದ ಕಾರಣಕ್ಕೆ ರದ್ದು ಮಾಡಿತು. ನಿಯಮ ಬರುವುದು, ಉಳಿಯುವುದು ನಿಧಾನದ ಕೆಲಸ.

ಅಲ್ಲಿಯವರೆಗೆ ಮಾಡಬಹುದಾದದ್ದು ಸಣ್ಣದು. ಆಟೋಪೇ ಪಟ್ಟಿ ತೆರೆದು ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಇದು ಇವತ್ತು ನಿಂತುಹೋಗಿದ್ದರೆ, ನಾನೇ ಹೋಗಿ ದುಡ್ಡು ಕೊಟ್ಟು ಮತ್ತೆ ತೆಗೆದುಕೊಳ್ಳುತ್ತಿದ್ದೆನೆ? ಹೌದು ಎಂದಾದರೆ ಇರಲಿ, ಸಂತೋಷವಾಗಿ ಬಳಸೋಣ. ತಡವರಿಸಿದರೆ ರದ್ದು ಮಾಡೋಣ. ಬೇಕೆನ್ನಿಸಿದ ದಿನ ಮತ್ತೆ ಸೇರಲು ಯಾವ ಕಂಪನಿಯೂ ಬಾಗಿಲು ಹಾಕುವುದಿಲ್ಲ.